ಸ್ವೆಟರ್ ಕಡ್ಡಿಯೂ ಒಂಟಿಕೊಂಬಿನ ಎಮ್ಮೆಯೂ

ಮನುಷ್ಯನೆಂದ ಮೇಲೆ ಒಂದಲ್ಲ ಒಂದು ಚಟ ಇದ್ದೇ ಇರುತ್ತದೆ. ಒಬ್ಬರಿಗೆ ನಶ್ಯ, ಇನ್ನೊಬ್ಬರಿಗೆ ಇಸ್ಪೀಟು, ನಮ್ಮ ಕಾಲೇಜಿನ ಗುಮಾಸ್ತರಿಗೆ ಬೇರೆಯವರ ಅರ್ಜಿಯಲ್ಲಿ ತಪ್ಪು ಹುಡುಕುವುದು. ನನ್ನದು ಚೀಟಿ ಬರೆಯುವ ಚಟ. ಬಸ್ ಟಿಕೀಟಿನ ಹಿಂಬದಿ, ಲಗ್ನಪತ್ರಿಕೆಯ ಅಂಚು, ಕಡಲೆಕಾಯಿ ಕಟ್ಟಿಕೊಟ್ಟ ಕಾಗದ, ಏನು ಸಿಕ್ಕಿದರೂ ಅದರ ಮೇಲೆ ಏನನ್ನಾದರೂ ಬರೆದು ಜೇಬಿಗೆ ಸೇರಿಸದಿದ್ದರೆ ಅಂದು ಊಟ ಸೇರುವುದಿಲ್ಲ. ಬಟ್ಟೆ ನೆನೆಹಾಕುವ ಮೊದಲು ನನ್ನ ಜೇಬು ನೋಡಬೇಕೆಂಬುದು ನಮ್ಮ ಮನೆಯ ಕಾನೂನು. ಒಂದು ಸಲ ಅದನ್ನು ಮರೆತು ನನ್ನವಳು ಗಾವಡಗೆರೆ ಹೋಬಳಿಯ ಹನ್ನೆರಡು ಮನೆಗಳನ್ನು ಸೋಪಿನ ನೀರಿನಲ್ಲಿ ಅದ್ದಿ, ಕಲ್ಲಿಗೆ ಬಡಿದು, ಹಿಂಡಿ ಹರವಿಬಿಟ್ಟಳು. "ಹನ್ನೆರಡು ಮನೆ ತೊಳೆದುಬಿಟ್ಟೆಯಲ್ಲೇ!" ಎಂದು ನಾನು ತಲೆ ಚಚ್ಚಿಕೊಂಡರೆ, "ಜೇಬಲ್ಲಿ ಊರು ಇಟ್ಕೊಂಡು ಓಡಾಡೋರಿಗೆ ಇನ್ನೇನಾಗುತ್ತೆ?" ಎಂದು ಬಕೆಟ್ ಎತ್ತಿಕೊಂಡು ಒಳಗೆ ಹೋದಳು.

ಜೇಬಲ್ಲಿ ಊರೇಕೆ ಇತ್ತು ಎಂಬುದನ್ನು ಹೇಳಬೇಕು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಹುಣಸೂರಿನ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರದ ಹಂಗಾಮಿ ಉಪನ್ಯಾಸಕ. ಹಂಗಾಮಿ ಎಂದರೆ ಪ್ರತಿ ಬೇಸಿಗೆಯಲ್ಲೂ ಕೆಲಸ ಹೋಗಿ, ಕಾಲೇಜು ತೆರೆದಾಗ ಮತ್ತೆ ಚಿಗುರುವ ಜಾತಿ. ಆ ವರ್ಷ ಆಡಳಿತ ಮಂಡಳಿಯವರು ಒಂದು ಸುತ್ತೋಲೆ ಹೊರಡಿಸಿದರು: ಡಾಕ್ಟರೇಟಿಗೆ ಹೆಸರು ನೋಂದಾಯಿಸಿಕೊಂಡವರನ್ನು ಮಾತ್ರ ಕಾಯಂ ಮಾಡಲಾಗುವುದು, ಉಳಿದವರು ಮುಂದಿನ ವರ್ಷ ಬರುವ ಅಗತ್ಯವಿಲ್ಲ. ನಾನು ಎದ್ದೆನೋ ಬಿದ್ದೆನೋ ಎಂದು ವಿಶ್ವವಿದ್ಯಾನಿಲಯದ ಒಬ್ಬ ಪ್ರೊಫೆಸರರನ್ನು ಗೈಡನ್ನಾಗಿ ಹಿಡಿದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕು ತಾಲ್ಲೂಕುಗಳ ಮನೆಗಳಲ್ಲಿ ಬಿತ್ತನೆ ಬೀಜವನ್ನು ಹೇಗೆ ಕಾಪಾಡುತ್ತಾರೆ ಎಂಬುದು ನನ್ನ ವಿಷಯ. ಸೊಸೈಟಿಯಲ್ಲಿ ಹೊಸ ರಾಗಿ ತಳಿ ಬರಲು ಶುರುವಾಗಿತ್ತು. ಹಳೆಯ ಬೀಜ ಯಾರ ಮನೆಯಲ್ಲಿ, ಯಾವ ಮಡಕೆಯಲ್ಲಿ ಉಳಿದಿದೆ ಎಂದು ಬರೆದಿಡಬೇಕು ಎನ್ನುವುದು ಗೈಡಿನ ಆಸೆ. "ಇನ್ನೂರೈವತ್ತು ಮನೆ. ಒಂದು ಕಮ್ಮಿ ಆದರೂ ನಾನು ರುಜು ಹಾಕೋದಿಲ್ಲ," ಎಂದು ಅವರು ಮೊದಲ ದಿನವೇ ಹೇಳಿಬಿಟ್ಟಿದ್ದರು. ಆ ರುಜುವಿನ ಮೇಲೆ ನನ್ನ ನೌಕರಿ ನಿಂತಿತ್ತು.

ಹಾಗಾಗಿ ಎರಡು ವರ್ಷ, ಭಾನುವಾರವೆನ್ನದೆ ರಜೆಯೆನ್ನದೆ, ಬಸ್ಸು ಎಲ್ಲಿ ಇಳಿಸಿದರೆ ಅಲ್ಲಿ ಇಳಿದು, ಕಂಡ ಮನೆಗೆ ನುಗ್ಗಿದೆ. ನಾನು ಹೋಗುವ ಹೊತ್ತಿಗೆ ಗಂಡಸರು ಹೊಲದಲ್ಲಿರುತ್ತಿದ್ದರು. ಮನೆಯಲ್ಲಿ ಸಿಗುತ್ತಿದ್ದವರು ಹೆಂಗಸರು. ಬೀಜದ ವಿಷಯ ಗೊತ್ತಿದ್ದದ್ದೂ ಅವರಿಗೇ. ಅವರೆಬೀಜವನ್ನು ಬೂದಿಯಲ್ಲಿ ಹೊರಳಿಸಿ ಇಡಬೇಕೆ, ಸೋರೆಬುರುಡೆಯಲ್ಲಿ ತುಂಬಿ ಒಲೆಯ ಮೇಲೆ ತೂಗುಹಾಕಬೇಕೆ, ಮಡಕೆಗೆ ಬೇವಿನಸೊಪ್ಪು ಹಾಕಿ ಬಾಯಿಗೆ ಸಗಣಿ ಬಳಿಯಬೇಕೆ, ಇದೆಲ್ಲ ಅವರ ಬೆರಳ ತುದಿಯಲ್ಲಿತ್ತು. ಕೆ.ಆರ್. ನಗರದ ನಾಲೆ ಬಯಲಿನಲ್ಲಂತೂ ನಾಟಿ ಹಾಕುತ್ತಿದ್ದ ಹೆಂಗಸರು ಬಗ್ಗಿದ ಸೊಂಟ ಎತ್ತದೆಯೇ ಕೂಗಿ ಕೂಗಿ ಉತ್ತರ ಕೊಟ್ಟಿದ್ದರು. ನಾನು ಬದುವಿನ ಮೇಲೆ ಕೊಡೆ ಹಿಡಿದು ನಿಂತು ಬರೆದುಕೊಂಡಿದ್ದೆ.

ತೊಂದರೆ ಇದ್ದದ್ದು ನನ್ನ ಮೊದಲನೆಯ ಪ್ರಶ್ನೆಯಲ್ಲಿ. "ಮನೆಯ ಯಜಮಾನರ ಹೆಸರು?" ನಮ್ಮ ಕಡೆ ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವುದುಂಟೇ? ಒಬ್ಬಾಕೆ ಸೆರಗು ಬಾಯಿಗೆ ಅಡ್ಡ ಹಿಡಿದು, "ಪುಟ್ಟನ ಅಪ್ಪ ಅಂತ ಬರ್ಕಳಿ," ಎನ್ನುವಳು. ಇನ್ನೊಬ್ಬಾಕೆ, "ನಮ್ ಜಯನ ಅಪ್ಪ ಕಣ್ರೀ, ಊರ್ಗೆಲ್ಲ ಗೊತ್ತು ಬುಡಿ," ಎನ್ನುವಳು. ಹೇಳಿದ್ದನ್ನು ಹೇಳಿದ ಹಾಗೆಯೇ ದಾಖಲಿಸುವುದು ಸಂಶೋಧಕನ ಧರ್ಮವೆಂದು ನಾನು ಎಲ್ಲೋ ಓದಿದ್ದೆ. ಆದ್ದರಿಂದ 'ಯಜಮಾನರು: ಪುಟ್ಟನ ಅಪ್ಪ' ಎಂದು ದುಂಡಾಗಿ ಬರೆದೆ. ನನ್ನ ಚೀಟಿಗಳಲ್ಲಿ ಇಂಥ ಪುಟ್ಟನ ಅಪ್ಪಂದಿರು ಎಷ್ಟಿದ್ದರೆಂದು ಆಗ ನಾನು ಎಣಿಸಲಿಲ್ಲ.

ಒಬ್ಬಳು ಮಾತ್ರ ಬೇರೆ ಥರ ಉತ್ತರ ಕೊಟ್ಟಿದ್ದಳು. ಎಚ್.ಡಿ. ಕೋಟೆಯ ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿಳಿದು ಕಾಡಂಚಿನ ಗಿರಿಜನರ ಒಂದು ಹಾಡಿಗೆ ನಡೆದು ಹೋಗಿದ್ದೆ. ಗುಡಿಸಲ ಮುಂದೆ ಒಬ್ಬ ಮುದುಕಿ ಕುಳಿತು ಹುರುಳಿ ಕೇರುತ್ತಿದ್ದಳು. ಯಜಮಾನರು ಯಾರು ಎಂದು ಕೇಳಿದೆ. ಅವಳು ಮೊರ ಕೆಳಗಿಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಾನೇ ಕಣಪ್ಪಾ. ಇನ್ಯಾರು? ಬೀಜ ಮಡಗಾಳು ನಾನು, ಬಿತ್ತಾಳು ನಾನು. ಬರ್ಕ, ಬೊಮ್ಮಿ ಅಂತ," ಎಂದಳು. ಪಾಪ, ಪ್ರಶ್ನೆ ಅರ್ಥವಾಗಿಲ್ಲ ಎಂದುಕೊಂಡು ನಾನು ಯಜಮಾನರ ಜಾಗವನ್ನು ಖಾಲಿ ಬಿಟ್ಟು, ಕೆಳಗೆ ಸಣ್ಣಗೆ 'ಬೊಮ್ಮಿ ಎಂಬಾಕೆ ಹೇಳಿದ್ದು' ಎಂದು ಗೀಚಿಕೊಂಡು ಬಂದೆ. ನನ್ನ ಬುದ್ಧಿವಂತಿಕೆಯ ಮೇಲೆ ನನಗೆ ಆಗ ಬಹಳ ಭರವಸೆ ಇತ್ತು.

ಹೀಗೆ ಇನ್ನೂರ ಅರವತ್ತೊಂದು ಮನೆಗಳ ಚೀಟಿಗಳು ಒಂದು ಬೂಟಿನ ಡಬ್ಬದಲ್ಲಿ ತುಂಬಿ, ಮುಚ್ಚಳ ನಿಲ್ಲದೆ ದಾರ ಕಟ್ಟುವಂತಾಯಿತು. ಆಗ ಗೈಡಿನಿಂದ ಕಾಗದ ಬಂತು. ವಿಶ್ವವಿದ್ಯಾನಿಲಯದ ಗ್ರಂಥಾಲಯದವರು ಬೇಸಿಗೆ ರಜೆಯಲ್ಲಿ ಹುಣಸೂರಿಗೇ ಬಂದು, ಈ ಕಡೆಯ ಸಂಶೋಧಕರಿಗಾಗಿ ಆರು ದಿನ ಕಾರ್ಯಾಗಾರ ನಡೆಸುತ್ತಾರೆ. ಸಂಗ್ರಹಿಸಿದ ಮಾಹಿತಿಯನ್ನು ಹೇಗೆ ಜೋಡಿಸಬೇಕು, ಹೇಗೆ ಪರೀಕ್ಷಿಸಬೇಕು ಎಂದು ಹೇಳಿಕೊಡುತ್ತಾರೆ. ಕೊನೆಯ ದಿನ ನಾನೇ ಬಂದು ನಿಮ್ಮ ಮನೆಗಳನ್ನು ನೋಡಿ ರುಜು ಹಾಕುತ್ತೇನೆ ಎಂದಿತ್ತು. ಗ್ರಂಥಾಲಯದವರು ಎಂದರೆ ಪುಸ್ತಕದ ಧೂಳು ಒರೆಸಿ, ವಾಯಿದೆ ಮುದ್ರೆ ಒತ್ತುವವರು ಎಂದು ನಾನು ತಿಳಿದಿದ್ದೆ. ಅವರಿಂದ ನಾನು ಕಲಿಯುವುದೇನಿದೆ ಎಂದು ಮೂಗು ಮುರಿದೆ. ಆದರೂ ರುಜು ಬೇಕಲ್ಲ, ಡಬ್ಬ ಕಂಕುಳಲ್ಲಿ ಇಟ್ಟುಕೊಂಡು ಹೋದೆ.

ಕಾಲೇಜಿನ ಸಭಾಂಗಣದಲ್ಲಿ ನಾವು ಒಂಬತ್ತು ಜನ ಸೇರಿದ್ದೆವು. ಕಲಿಸಲು ಬಂದವರು ವಿಶಾಲಾಕ್ಷಮ್ಮ ಎಂಬ ಗ್ರಂಥಪಾಲಕಿ. ಕುಳ್ಳಗಿನ ಆಳು, ನೂಲಿನ ಸೀರೆ, ದಪ್ಪ ಕನ್ನಡಕ, ಜೊತೆಗೆ ಒಂದು ತಗಡಿನ ಟ್ರಂಕು. ಟ್ರಂಕು ತೆರೆದು ಅವರು ಎತ್ತಿ ತೋರಿಸಿದ್ದು ಅಂಗೈಯಗಲದ ದಪ್ಪ ರಟ್ಟು. ಅದರ ನಾಲ್ಕು ಅಂಚಿಗೂ ಸಾಲಾಗಿ ತೂತು. "ಇದೇ ನೋಡಿ ಕಾರ್ಡು. ಒಂದು ಮನೆಗೆ ಒಂದು. ನಡುವೆ ನಿಮ್ಮ ಚೀಟೀಲಿ ಇರೋದನ್ನ ಬರೀರಿ. ಅಂಚಿನ ಒಂದೊಂದು ತೂತಿಗೂ ಒಂದೊಂದು ಅರ್ಥ. ಇದು ಬೂದಿ, ಇದು ಬುರುಡೆ, ಇದು ಹೆಂಚಿನ ಮನೆ ಅಂತ. ಆ ಮನೇಲಿ ಅದು ಇದ್ದರೆ ಆ ತೂತಿನ ಅಂಚನ್ನ ಕತ್ತರಿಸಿ ಕಚ್ಚು ಮಾಡಿ. ಇಲ್ಲದಿದ್ದರೆ ಮುಟ್ಟಬೇಡಿ. ಆಮೇಲೆ ಕಡ್ಡಿ ಹಾಕಿ ಎತ್ತಿದರೆ..." ಎಂದು ಟ್ರಂಕಿನೊಳಗೆ ಕೈಯಾಡಿಸಿದರು. ಕೈ ಆಡುತ್ತಲೇ ಇತ್ತು. ಆ ಉದ್ದನೆಯ ಉಕ್ಕಿನ ಕಡ್ಡಿಯನ್ನು ಅವರು ಮೈಸೂರಿನಲ್ಲೇ ಮೇಜಿನ ಮೇಲೆ ಮರೆತು ಬಂದಿದ್ದರು. "ಯಾರ ಮನೇಲಾದರೂ ಸ್ವೆಟರ್ ಹೆಣೆಯೋ ಕಡ್ಡಿ ಇದೆಯೇ?" ಎಂದು ಕೇಳಿದರು. ನಾನು ಕ್ಲಾಸಿನಲ್ಲಿ ಉತ್ತರ ಗೊತ್ತಿರುವ ಹುಡುಗನ ಹಾಗೆ ಎದ್ದು ನಿಂತುಬಿಟ್ಟೆ.

ಎದ್ದು ನಿಲ್ಲುವುದು ಸುಲಭ. ಮನೆಗೆ ಹೋಗಿ ನೋಡಿದರೆ ಆ ಕಡ್ಡಿಯ ಮೇಲೆ ನನ್ನದೇ ಸ್ವೆಟರಿನ ಎರಡನೆಯ ತೋಳು ಕೂತಿತ್ತು. ನನ್ನವಳು ಅದನ್ನು ಎದೆಗೆ ಅವಚಿಕೊಂಡು, "ಎಳೆದ್ರೆ ಅಷ್ಟೂ ಬಿಚ್ಚಿಹೋಗುತ್ತೆ. ಕೊಡಲ್ಲ," ಎಂದಳು. ನೌಕರಿಯ ವಿಷಯ ಹೇಳಿದೆ, ಗೈಡಿನ ವಿಷಯ ಹೇಳಿದೆ, ದೇಶದ ಬೀಜದ ಭವಿಷ್ಯವನ್ನೂ ಹೇಳಿದೆ. ಕೊನೆಗೆ ಅವಳು ಪೊರಕೆಯಿಂದ ಒಂದು ಗಟ್ಟಿ ಕಡ್ಡಿ ಮುರಿದು, ಒಂದೊಂದೇ ಕಣ್ಣಿಯನ್ನು ಅದಕ್ಕೆ ದಾಟಿಸಿ, ಸ್ವೆಟರ್ ಕಡ್ಡಿಯನ್ನು ಸೆರಗಿನಲ್ಲಿ ಒರೆಸಿ, "ನಡೀರಿ, ನಾನೂ ಬರ್ತೀನಿ. ಕೆಲಸ ಆದ ತಕ್ಷಣ ವಾಪಸ್ ತರಬೇಕು, ನಿಮ್ಮನ್ನ ನಂಬೋಕಾಗಲ್ಲ," ಎಂದು ಚಪ್ಪಲಿ ಮೆಟ್ಟಿದಳು. ಹೀಗೆ ನಮ್ಮ ಮನೆಯವಳು ಕಾರ್ಯಾಗಾರಕ್ಕೆ ಕಡ್ಡಿಯ ಕಾವಲಿಗೆಂದು ಬಂದು, ಕೊನೆಯ ಬೆಂಚಿನಲ್ಲಿ ಕುಳಿತಳು.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ. ವಿಶಾಲಾಕ್ಷಮ್ಮನವರು ತಮ್ಮ ಮಾದರಿ ಕಾರ್ಡುಗಳ ಒಂದು ದಪ್ಪ ಕಟ್ಟನ್ನು ಮೇಜಿನ ಮೇಲೆ ಕುಟ್ಟಿ ಸಮ ಮಾಡಿದರು. "ಏನಾದರೂ ಕೇಳಿ," ಎಂದರು. ಯಾರೋ ಒಬ್ಬರು, "ಬಾವಿ ಇದ್ದೂ ತೋಟ ಇಲ್ಲದವರು ಯಾರು?" ಎಂದರು. ಅವರು ಬಾವಿಯ ತೂತಿಗೆ ಕಡ್ಡಿ ತೂರಿಸಿ ಎತ್ತಿ, ಮೊರ ಅಲುಗಿಸುವ ಹಾಗೆ ಮೆಲ್ಲಗೆ ಅಲುಗಿಸಿದರು. ಪಟಪಟ ಎಂದು ಒಂದಷ್ಟು ಕಾರ್ಡು ಕೆಳಗೆ ಉದುರಿದವು. ಉಳಿದವು ಕಡ್ಡಿಗೆ ನೇತಾಡಿದವು. ಉದುರಿದ್ದನ್ನು ಬಾಚಿ ತೋಟದ ತೂತಿಗೆ ಕಡ್ಡಿ ಹಾಕಿ ಮತ್ತೆ ಎತ್ತಿದರು. ತೋಟ ಇದ್ದವು ಉದುರಿ, ಕಡ್ಡಿಯ ಮೇಲೆ ಮೂರೇ ಮೂರು ಕಾರ್ಡು ಉಳಿದವು. "ಇವರೇ," ಎಂದರು. ಅಯ್ಯೋ ಶಿವನೇ! ನಾನಾಗಿದ್ದರೆ ಡಬ್ಬ ಸುರಿದುಕೊಂಡು ಮೂರು ದಿನ ಹುಡುಕಿ, ನಾಲ್ಕನೆಯ ದಿನ ಏನು ಹುಡುಕುತ್ತಿದ್ದೆನೆಂದು ಮರೆಯುತ್ತಿದ್ದೆ. ಇಲ್ಲಿ ಒಂದು ಕಡ್ಡಿ ಊರೂರನ್ನೇ ಕೇಳಿ, ಇವನು ಹೌದು ಇವನು ಅಲ್ಲ ಎಂದು ಹೇಳುತ್ತಿದೆ. ವಿದ್ಯುತ್ತಿಲ್ಲ, ಮಿಷನ್ನಿಲ್ಲ, ಸದ್ದಿಲ್ಲ. ನಾನು ಬಾಯಿ ತೆರೆದುಕೊಂಡು ಕುಳಿತಿದ್ದೆ ಎಂದು ನನ್ನವಳು ಆಮೇಲೆ ಹೇಳಿದಳು. ಕೈ ಮುಗಿದಿದ್ದೆನಂತೆ ಕೂಡ. ಅದು ನನಗೆ ನೆನಪಿಲ್ಲ.

ಮುಂದಿನ ಮೂರು ದಿನ ಚೀಟಿಗಳನ್ನು ಕಾರ್ಡಿಗೆ ಇಳಿಸುವುದರಲ್ಲಿ ಕಳೆದವು. ಬರೆಯುವುದು ನಾನು, ಕಚ್ಚು ಕತ್ತರಿಸುವುದು ನನ್ನವಳು. ನಾನು ಕತ್ತರಿಸಿದ ಮೊದಲ ಆರು ಕಾರ್ಡುಗಳನ್ನು ಇಲಿ ಕಡಿದಂತಿದೆಯೆಂದು ವಿಶಾಲಾಕ್ಷಮ್ಮನವರು ಪಕ್ಕಕ್ಕಿಟ್ಟು, ಕತ್ತರಿಯನ್ನು ಕೊನೆಯ ಬೆಂಚಿಗೆ ರವಾನಿಸಿದ್ದರು. ಕಡ್ಡಿ ಅಲುಗಿಸುವುದರಲ್ಲಂತೂ ಅವಳನ್ನು ಮೀರಿಸಿದವರಿರಲಿಲ್ಲ. ನಾವು ಎತ್ತಿದರೆ ನಾಲ್ಕು ಕಾರ್ಡು ಅಂಟಿಕೊಂಡೇ ಇರುತ್ತಿದ್ದವು. ಅವಳು ಎತ್ತಿದರೆ ಬೀಳಬೇಕಾದದ್ದೆಲ್ಲ ಬಿದ್ದು, ಉಳಿಯಬೇಕಾದದ್ದೆಲ್ಲ ಉಳಿಯುತ್ತಿತ್ತು. ನಮ್ಮ ಮನೆಯ ಅಡುಗೆಮನೆಯಲ್ಲಿ ಇಂಥ ವಿದುಷಿಯಿದ್ದಾಳೆಂದು ನನಗೇ ಗೊತ್ತಿರಲಿಲ್ಲ. ಪಕ್ಕದ ಬೆಂಚಿನವರು ಅವಳನ್ನು "ಮೇಡಂ, ಸ್ವಲ್ಪ ನಮ್ಮದೂ ಎತ್ತಿಕೊಡಿ" ಎಂದು ಕರೆಯತೊಡಗಿದಾಗ ನನಗೆ ಹೆಮ್ಮೆಯೂ ಆಯಿತು, ಸ್ವಲ್ಪ ಹೊಟ್ಟೆಯುರಿಯೂ ಆಯಿತು.

ಐದನೆಯ ದಿನ ಬೆಳಿಗ್ಗೆ ನನ್ನ ಸರದಿ. ವಿಶಾಲಾಕ್ಷಮ್ಮನವರು ಹತ್ತಿರ ಬಂದು, "ಒಂದು ಊರು ತಗೊಳ್ಳಿ, ಎರಡು ಮೂರು ಪ್ರಶ್ನೆ ಕೇಳಿ, ಏನು ಬರುತ್ತೆ ನೋಡೋಣ," ಎಂದರು. ನನ್ನವಳು ಕಡ್ಡಿ ಹಿಡಿದಳು. ಕಂಪಲಾಪುರ ಸೀಮೆ, ಹೆಂಚಿನ ಮನೆ, ಹಿತ್ತಿಲಲ್ಲಿ ಹಲಸಿನ ಮರ. ಮೂರು ಸಲ ಎತ್ತಿದ ಮೇಲೆ ಮೂರು ಕಾರ್ಡು ಮೇಜಿನ ಮೇಲೆ ಬಿದ್ದವು. ಅವಳು ಮೂರನ್ನೂ ಎತ್ತಿಕೊಂಡು, ನಡುವೆ ನಾನು ಬರೆದದ್ದನ್ನು ಓದತೊಡಗಿದಳು. ಯಜಮಾನರು ಚೆಲುವನ ತಾತ, ಮಜ್ಜಿಗೆ ಕೊಟ್ಟರು, ಕೊಟ್ಟಿಗೆಯಲ್ಲಿ ಒಂಟಿಕೊಂಬಿನ ಎಮ್ಮೆ. ಯಜಮಾನರು ಚೆಲುವನ ಅಪ್ಪ, ಮಜ್ಜಿಗೆ ಕೊಟ್ಟರು, ಒಂಟಿಕೊಂಬಿನ ಎಮ್ಮೆ. ಯಜಮಾನರು ಜಯನ ಅಪ್ಪ, ಮಜ್ಜಿಗೆ, ಜೊತೆಗೆ ಹಲಸಿನ ತೊಳೆ, ಒಂಟಿಕೊಂಬಿನ ಎಮ್ಮೆ. ಓದಿ ಮುಗಿಸಿ ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಭುಜ ಅಲುಗುತ್ತಿತ್ತು.

"ರೀ, ಇದು ಒಂದೇ ಮನೆ ಅಲ್ವೇ?" ಎಂದಳು.

"ಒಂದೇ ಮನೆ ಹೇಗಾಗುತ್ತೆ? ಯಜಮಾನರು ಮೂರು ಜನ ಬೇರೆ ಬೇರೆ. ಒಂದು ಮನೆಗೆ ಸುಗ್ಗಿಯಲ್ಲಿ ಹೋಗಿದ್ದೆ, ಬೀದಿ ಬಾಗಿಲಿಂದ. ಇನ್ನೊಂದಕ್ಕೆ ಮಳೆಗಾಲದಲ್ಲಿ, ಹಿತ್ತಿಲ ಕಡೆಯಿಂದ. ಮತ್ತೊಂದು ಕೊಟ್ಟಿಗೆ ಪಕ್ಕದ ಬಾಗಿಲು. ಎಲ್ಲಾ ಬರೆದಿದ್ದೀನಿ," ಎಂದು ನಾನು ದಬಾಯಿಸಿದೆ.

"ಬಾಗಿಲು ಮೂರಿದ್ರೆ ಮನೆ ಮೂರಾಗುತ್ತಾ? ಚೆಲುವನ ತಾತ ಅಂದೋಳು ಅತ್ತೆ. ಚೆಲುವನ ಅಪ್ಪ ಅಂದೋಳು ದೊಡ್ಡ ಸೊಸೆ. ಜಯನ ಅಪ್ಪ ಅಂದೋಳು ಚಿಕ್ಕ ಸೊಸೆ. ಗಂಡನ ಹೆಸರು ಯಾರು ಹೇಳ್ತಾರೆ? ನಾನೇನು ನಿಮ್ಮ ಹೆಸರು ಹೇಳ್ತೀನಾ?"

ವಿಶಾಲಾಕ್ಷಮ್ಮನವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ನಿಮ್ಮ ತಾಲ್ಲೂಕಲ್ಲಿ ಒಂಟಿಕೊಂಬಿನ ಎಮ್ಮೆ ಎಷ್ಟಿವೆ?" ಎಂದು ಬಹಳ ಮೆಲ್ಲಗೆ ಕೇಳಿದರು. ಗೈಡಿಗೆ ಕಳಿಸಿದ್ದ ಸಾರಾಂಶದಲ್ಲಿ ನಾನು 'ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಒಂಟಿಕೊಂಬಿನ ಎಮ್ಮೆಗಳು ಹೆಚ್ಚಾಗಿ ಕಂಡುಬರುವುದು ಗಮನಾರ್ಹ' ಎಂದು ಒಂದು ಇಡೀ ಪ್ಯಾರಾ ಬರೆದಿದ್ದೆ. ಅದೂ ಮೇವಿನ ದೋಷವಿರಬಹುದೆಂಬ ಊಹೆ ಸಹಿತ!

ಅಂದು ಸಂಜೆಯವರೆಗೆ ಕಡ್ಡಿ ಏಳುತ್ತಲೇ ಇತ್ತು, ನನ್ನ ಮನೆಗಳು ಕುಸಿಯುತ್ತಲೇ ಇದ್ದವು. ಗಾವಡಗೆರೆ ಕಡೆಯ ಐದು ಮನೆ ಎರಡಾದವು. ನಾಲೆ ಬಯಲಿನ ಅತ್ತಿಗೆ ನಾದಿನಿಯರು ಒಂದೇ ಒಲೆಯವರೆಂದು ತಿಳಿಯಿತು. ಯಾವ ಸುಳ್ಳನ್ನೂ ನಾನು ಬರೆದಿರಲಿಲ್ಲ, ಯಾವ ಹೆಂಗಸೂ ಸುಳ್ಳು ಹೇಳಿರಲಿಲ್ಲ, ಆದರೂ ಇಷ್ಟು ದೊಡ್ಡ ಸುಳ್ಳು ಡಬ್ಬದೊಳಗೆ ಬೆಚ್ಚಗೆ ಕೂತಿತ್ತಲ್ಲ ಎಂದು ನಾನು ದಂಗಾದೆ. ಎರಡು ವರ್ಷದಲ್ಲಿ ನನ್ನ ಕಣ್ಣಿಗೆ ಕಾಣದ್ದು ಆ ಕಡ್ಡಿಗೆ ಅರ್ಧ ದಿನದಲ್ಲಿ ಕಂಡಿತ್ತು. ಲೆಕ್ಕ ಹಾಕಿದರೆ ಉಳಿದ ಮನೆಗಳು ಇನ್ನೂರ ಹದಿನಾಲ್ಕು. ಮಾರನೆಯ ದಿನ ಗೈಡು ಬರುವವರಿದ್ದರು. ಕಾಲೇಜು ತೆರೆಯಲು ಒಂದೇ ತಿಂಗಳು.

ಈಗ ನಿಜ ಹೇಳಿಬಿಡುತ್ತೇನೆ, ನೀವು ಯಾರಿಗೂ ಹೇಳಬೇಡಿ. ಸಭಾಂಗಣದಲ್ಲಿ ಎಲ್ಲರೂ ಕಾಫಿಗೆ ಹೋಗಿದ್ದಾಗ ನಾನು ಪೆನ್ನು ತೆಗೆದೆ. ಚಿಕ್ಕ ಸೊಸೆಯ ಕಾರ್ಡಿನ ಎಮ್ಮೆಗೆ ಇನ್ನೊಂದು ಕೊಂಬು ಬರೆದುಬಿಟ್ಟರೆ ಒಂದು ಮನೆ ಉಳಿಯುತ್ತದೆ. ಇನ್ನೊಂದು ಕಾರ್ಡಿನಲ್ಲಿ ಎಮ್ಮೆಯನ್ನು ಹಸು ಮಾಡಿದರೆ ಇನ್ನೊಂದು ಉಳಿಯುತ್ತದೆ. ಇಂಥದ್ದು ಮೂವತ್ತಾರು ಮಾಡಿದರೆ ಸಾಕು, ಕಾಯಂ. ಪೆನ್ನಿನ ಮೂತಿ ಕಾರ್ಡಿಗೆ ತಾಗಿತ್ತು. ಹಿಂದಿನಿಂದ ನನ್ನವಳ ದನಿ ಬಂತು. "ಕೊಂಬು ಬರೆದ್ರೆ ಎಮ್ಮೆ ಬೇರೆ ಆಗುತ್ತೇನ್ರೀ? ಅವರ ಮಜ್ಜಿಗೆ ಮೂರು ಸಲ ಕುಡಿದಿದ್ದೀರಿ." ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವಳು ಬೈಯಲಿಲ್ಲ. ಪೆನ್ನಿಗೆ ಟೋಪಿ ಹಾಕಿ ಜೇಬಿಗಿಟ್ಟೆ.

ಮಾರನೆಯ ದಿನ ಗೈಡು ಬಂದರು. ಒಂದು ಕಡೆ ನೇರ ನಿಂತಿದ್ದ ಕಟ್ಟು, ಇನ್ನೊಂದು ಕಡೆ ರಬ್ಬರ್ ಬ್ಯಾಂಡ್ ಹಾಕಿ ಜೊತೆಗೂಡಿಸಿದ್ದ ಒಂದೇ ಮನೆಯ ಕಾರ್ಡುಗಳು. ನಾನೇ ಎಲ್ಲವನ್ನೂ ಒಪ್ಪಿಕೊಂಡೆ, ಎಮ್ಮೆಯನ್ನೂ ಸೇರಿಸಿ. ಅವರು ಕಟ್ಟಿನ ಅಂಚನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದರು. "ಇನ್ನೂರ ಹದಿನಾಲ್ಕು. ಹೇಳಿದ್ದು ಇನ್ನೂರೈವತ್ತು," ಎಂದು ಎದ್ದು, ಶಾಲು ಹೆಗಲಿಗೆ ಹಾಕಿಕೊಂಡರು. ನನ್ನ ನೌಕರಿ ಆ ಶಾಲಿನ ಜೊತೆಗೇ ಎದ್ದು ನಿಂತಿತು.

ಆಗ ವಿಶಾಲಾಕ್ಷಮ್ಮನವರು, "ಸಾರ್, ಒಂದು ನಿಮಿಷ," ಎಂದು ಕಂಪಲಾಪುರದ ಮೂರು ಕಾರ್ಡುಗಳನ್ನು ಅವರ ಮುಂದೆ ಸಾಲಾಗಿ ಇಟ್ಟರು. "ಮನೆ ಒಂದೇ. ಆದರೆ ಅಂಚಿನ ಕಚ್ಚು ನೋಡಿ. ಅತ್ತೆ ಬೂದಿಯಲ್ಲಿ ಇಡ್ತಾಳೆ. ದೊಡ್ಡ ಸೊಸೆ ಸೋರೆಬುರುಡೆಯಲ್ಲಿ. ಚಿಕ್ಕ ಸೊಸೆ ಮಡಕೇಲಿ, ಬೇವಿನಸೊಪ್ಪಿನ ಜೊತೆ. ಬೀಜವೂ ಬೇರೆ ಬೇರೆ. ಮೂರನ್ನ ಸೇರಿಸಿ ಒಂದು ಮಾಡಿ ಅಂದರೆ ನಾನು ಯಾವುದನ್ನ ಹೊಡೆದುಹಾಕಲಿ?" ಗೈಡು ಬಗ್ಗಿ ನೋಡಿದರು. ಕೊನೆಯ ಬೆಂಚಿನಿಂದ ನನ್ನವಳು, ಸಂಕೋಚಪಡುತ್ತಲೇ, "ಒಬ್ಬೊಬ್ಬಳೂ ತವರಿಂದ ತಂದಿರ್ತಾಳೆ ಸಾರ್. ಬೀಜ ಮನೇದಲ್ಲ, ಅವಳದ್ದು. ನಾನೂ ನಮ್ಮಮ್ಮನ ಮನೆ ಅವರೆಬೀಜ ಡಬ್ಬೀಲಿ ಬೇರೆ ಇಟ್ಟಿದ್ದೀನಿ," ಎಂದಳು. ನಮ್ಮ ಮನೆಯಲ್ಲಿ ಅಂಥದೊಂದು ಡಬ್ಬಿ ಇರುವುದು ಬೀಜದ ಸಂಶೋಧಕನಾದ ನನಗೆ ತಿಳಿದದ್ದು ಆಗಲೇ.

ಗೈಡು ಶಾಲು ತೆಗೆದು ಮತ್ತೆ ಕುಳಿತರು. "ಹಾಗಾದರೆ ಎಣಿಸಬೇಕಾದ್ದು ಮನೆಗಳನ್ನಲ್ಲ, ಈ ಹೆಂಗಸರನ್ನ. ಇನ್ನೂರ ಅರವತ್ತೊಂದೂ ಉಳಿಯುತ್ತೆ," ಎಂದರು. ನಾನು ಉಸಿರು ಬಿಡುವಷ್ಟರಲ್ಲಿ ಮುಂದಿನ ಪ್ರಶ್ನೆ ಬಂತು. "ಸರಿ, ಈ ಅತ್ತೆಯ ಹೆಸರೇನು?"

ನಾನು ಕಾರ್ಡು ತಿರುಗಿಸಿ ನೋಡಿದೆ. ಅವಳ ಮನೆಯ ಹೆಂಚು ಬರೆದಿದ್ದೆ, ಹಲಸು ಬರೆದಿದ್ದೆ, ಎಮ್ಮೆ ಬರೆದಿದ್ದೆ. ಅವಳ ಹೆಸರು ಇರಲಿಲ್ಲ. ದೊಡ್ಡ ಸೊಸೆಯದು? ಇರಲಿಲ್ಲ. ಗೈಡು ಒಂದೊಂದೇ ಕಾರ್ಡು ಎತ್ತುತ್ತಾ ಹೋದರು, ನಾನು ತಲೆ ಅಲ್ಲಾಡಿಸುತ್ತಾ ಹೋದೆ. ಇನ್ನೂರ ಅರವತ್ತೊಂದು ಹೆಂಗಸರು ನನ್ನೆದುರಿಗೆ ಕುಳಿತು ಮಾತಾಡಿದ್ದರು, ಮನೆಯಲ್ಲಿಲ್ಲದ ಗಂಡಸರ ಹೆಸರನ್ನು ನಾನು ಕೇಳುತ್ತಾ ಬಂದಿದ್ದೆ, ಅದೂ ಸಿಕ್ಕಿರಲಿಲ್ಲ. ಇಡೀ ಕಟ್ಟಿನಲ್ಲಿ ಒಂದೇ ಒಂದು ಕಾರ್ಡಿನ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಹೆಸರಿತ್ತು. ಹ್ಯಾಂಡ್‌ಪೋಸ್ಟಿನ ಆಚೆಯ ಬೊಮ್ಮಿ. ಪ್ರಶ್ನೆ ಅರ್ಥವಾಗದವಳೆಂದು ನಾನು ಮರುಕಪಟ್ಟಿದ್ದ ಬೊಮ್ಮಿ. "ಇದೊಂದು ಸರಿಯಾಗಿದೆ," ಎಂದರು ಗೈಡು. "ಕಾಲೇಜು ತೆರೆಯೋದರೊಳಗೆ ಉಳಿದವರ ಹೆಸರು ತನ್ನಿ. ಎಲ್ಲ ಹೆಸರೂ ಬಂದರೆ ರುಜು."

ಇನ್ನೂರ ಅರವತ್ತು ಹೆಸರು, ಮೇ ತಿಂಗಳ ಬಿಸಿಲು. ನನಗೆ ಅಳುವೇ ಬಂತು. ನನ್ನವಳು ಕಡ್ಡಿಯನ್ನು ಚೀಲಕ್ಕೆ ಹಾಕಿಕೊಂಡು, "ನಾಳೆ ಮೊದಲನೇ ಬಸ್ಸಿಗೆ ಕಂಪಲಾಪುರ. ನಾನೂ ಬರ್ತೀನಿ. ನೀವೊಬ್ಬರೇ ಕೇಳಿದ್ರೆ ಮತ್ತೆ ಮಕ್ಕಳ ಹೆಸರೇ ಹೇಳಿ ಕಳಿಸ್ತಾರೆ," ಎಂದಳು.

ಎಮ್ಮೆ ಕೊಟ್ಟಿಗೆಯಲ್ಲೇ ಇತ್ತು. ಈ ಸಲ ನನ್ನನ್ನು ನೋಡಿ ಗುರುತು ಹಿಡಿದದ್ದು ಅದೊಂದೇ ಅಲ್ಲ. ಜಗುಲಿಯ ಮೇಲೆ ಕುಳಿತಿದ್ದ ಚೆಲುವನ ಅಜ್ಜಿ, "ಬಾರಪ್ಪೋ ಬೀಜದಪ್ಪ! ಮೂರ್ ಕಿತ ಬಂದು ಮೂರ್ ಕಿತಾನೂ ಅದ್ನೇ ಕೇಳ್ಕೊಂಡೋದೆ. ಮರ್ತೋಯ್ತದೇನೋ ಪಾಪ ಅಂತ ನಾವೂ ಸುಮ್ನೆ ಯೋಳುದ್ವಿ ಕಣ," ಎಂದಳು. ಒಳಗಿನಿಂದ ಸೊಸೆಯರಿಬ್ಬರ ನಗು ಕೇಳಿಸಿತು. ಅಂದರೆ ನನ್ನ ತಪ್ಪು ಅವರಿಗೆ ಮೊದಲಿಂದಲೂ ಗೊತ್ತಿತ್ತು, ಮರ್ಯಾದೆಗೆ ಹೇಳಿರಲಿಲ್ಲ. ಮಜ್ಜಿಗೆ ಬಂತು. ನಾಲ್ಕನೆಯ ಸಲ.

"ಅಜ್ಜಿ, ಈ ಸಲ ನಿಮ್ಮ ಹೆಸರು ಬರ್ಕೊಂಡು ಹೋಗೋಕೆ ಬಂದಿದ್ದೀನಿ," ಎಂದೆ.

"ನನ್ನೆಸ್ರಾ? ನನ್ನೆಸ್ರು ತಕಂಡು ಏನ್ಮಾಡೀಯ? ಚೆಲುವನ್ ತಾತ ಅಂತ ಆಗ್ಲೇ ಬರ್ಕಂಡಿದ್ದೀಯಲ್ಲ."

ನನ್ನವಳು ಪಕ್ಕದಲ್ಲಿ ಕುಳಿತು, "ಬೀಜ ನಿಮ್ಮದು ತಾನೇ ಅಜ್ಜಿ, ತಾತಂದಾ?" ಎಂದಳು. ಅಜ್ಜಿ ಸ್ವಲ್ಪ ಹೊತ್ತು ಕೈಯಲ್ಲಿದ್ದ ಎಲೆಯಡಿಕೆ ಹಿಡಿದುಕೊಂಡೇ ಕುಳಿತಳು. ನೆನಪು ಮಾಡಿಕೊಳ್ಳುತ್ತಿದ್ದಾಳೇನೋ ಅನ್ನಿಸಿತು. "ಸಣ್ಣನಿಂಗಿ ಅಂತ ಮಡಗಿದ್ರು. ನಮ್ಮವ್ವ ಓದ್ ಮ್ಯಾಕೆ ಯಾರೂ ಅಂಗೆ ಕರೀನಿಲ್ಲ," ಎಂದಳು. ನಾನು ಕಾರ್ಡಿನ ಮೇಲೆ ದೊಡ್ಡದಾಗಿ ಬರೆದೆ. ಅವಳು ಕತ್ತು ಚಾಚಿ ಅಕ್ಷರಗಳನ್ನು ನೋಡಿ, "ಅದೇನಾ? ಓದು ವಸಿ," ಎಂದಳು. "ಸಣ್ಣನಿಂಗಿ," ಎಂದೆ. "ಇನ್ನೊಂದ್ ಕಿತ," ಎಂದಳು. ಓದಿದೆ. ಕಡ್ಡಿ ಎತ್ತಿದಾಗ ಕಾರ್ಡು ಉದುರಿದ್ದನ್ನು ಕಂಡು ಕೈ ಮುಗಿದಿದ್ದೆನೆಂದು ಹೇಳಿದೆನಲ್ಲ, ಅದು ಏನೂ ಅಲ್ಲ. ಒಂದು ಹೆಸರನ್ನು ಎರಡು ಸಲ ಓದಿದ್ದಕ್ಕೆ ಆ ಮುಖದಲ್ಲಿ ಆದದ್ದನ್ನು ನೋಡಿ, ಅವಳು ಕೇಳದೆಯೇ ಮೂರನೆಯ ಸಲವೂ ಓದಿದೆ.

ಸೊಸೆಯರ ಹೆಸರುಗಳೂ ಬಂದವು. ಕಾರ್ಡು ಕಟ್ಟಿ ಏಳುವ ಹೊತ್ತಿಗೆ ಅಜ್ಜಿ ನನ್ನವಳ ಗಲ್ಲ ಹಿಡಿದು ನನ್ನ ಕಡೆ ತಿರುಗಿ, "ನಮ್ಮೆಸ್ರೆಲ್ಲ ಬರ್ಕಂಡೆ. ನಿನ್ನೆಡ್ತಿ ಎಸ್ರೇನಪ್ಪಾ?" ಎಂದು ಕೇಳಿದಳು.

"ಇವಳು... ನಮ್ಮ ಮನೆಯವಳು," ಎಂದೆ.

"ಅದ್ ಕಾಣ್ತದೆ ಬುಡು. ಎಸ್ರೇನು?"

ಮದುವೆಯಾಗಿ ಒಂಬತ್ತು ವರ್ಷ. ಒಂಬತ್ತು ವರ್ಷವೂ 'ಲೇ', 'ಇವಳೇ', 'ಕೇಳಿಸ್ತೇನೇ' ಇಷ್ಟರಲ್ಲೇ ಸಂಸಾರ ಸಾಗಿತ್ತು. ನಾಲ್ಕು ತಾಲ್ಲೂಕಿನ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲವೆಂದು ನಾನು ನಗುತ್ತಿದ್ದೆ. ಅವರಿಗಾದರೂ ಅದೊಂದು ಪದ್ಧತಿ, ನನಗೆ ಯಾವ ಪದ್ಧತಿಯೂ ಅಡ್ಡಿಯಿರಲಿಲ್ಲ. ನನ್ನ ಕೈ ತಾನಾಗಿ ಜೇಬಿಗೆ ಹೋಯಿತು, ಅಲ್ಲೇನಾದರೂ ಚೀಟಿ ಇದೆಯೇನೋ ಎಂಬಂತೆ. ಮೂವರು ಹೆಂಗಸರೂ ನನ್ನ ಬಾಯಿ ನೋಡುತ್ತಿದ್ದರು. ನನ್ನವಳು ಮಾತ್ರ ಎಮ್ಮೆ ನೋಡುತ್ತಿದ್ದಳು.

ಕೊನೆಗೆ ಹೇಳಿದೆ. ದನಿ ಸರಿಯಾಗಿ ಹೊರಡಲಿಲ್ಲವಾಗಿ, ಅಜ್ಜಿ ಕಿವಿಗೆ ಕೈಯಿಟ್ಟು, "ಇನ್ನೊಂದ್ ಕಿತ," ಎಂದಳು. ಇನ್ನೊಂದು ಸಲ ಹೇಳಿದೆ. ಎಮ್ಮೆ ನೋಡುತ್ತಿದ್ದವಳ ಕಿವಿಯ ತುದಿ ಕೆಂಪಾಯಿತು.

ಕಾಲೇಜು ತೆರೆಯುವ ಮುನ್ನಾದಿನ ಇನ್ನೂರ ಅರವತ್ತನೆಯ ಹೆಸರು ಸಿಕ್ಕಿತು, ರುಜು ಬಿತ್ತು, ನೌಕರಿ ಕಾಯಂ ಆಯಿತು. ಕಡ್ಡಿಯನ್ನು ವಿಶಾಲಾಕ್ಷಮ್ಮನವರು ತಮ್ಮ ಉಕ್ಕಿನ ಕಡ್ಡಿಗಿಂತ ಇದೇ ವಾಸಿಯೆಂದು ಕಾಗದ ಬರೆದು ಬೇಡಿ ಗ್ರಂಥಾಲಯಕ್ಕೆ ತರಿಸಿಕೊಂಡರು, ಆದ್ದರಿಂದ ನನ್ನ ಸ್ವೆಟರಿಗೆ ಇವತ್ತಿಗೂ ಒಂದೇ ತೋಳು. ಅದನ್ನು ಹಾಗೆಯೇ ಇಟ್ಟುಕೊಂಡಿದ್ದೇನೆ. ಮೊನ್ನೆ ಇದನ್ನೆಲ್ಲ ಬರೆದು ಮುಗಿಸಿ, ಓದಿ ನೋಡು ಎಂದು ಅವಳ ಕೈಗೆ ಕೊಟ್ಟೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಪೂರ್ತಿ ಓದಿ, ಹಾಳೆಗಳನ್ನು ಜೋಡಿಸಿ ವಾಪಸು ಕೊಡುತ್ತಾ, "ಎಲ್ಲರ ಹೆಸರೂ ಬರೆದಿದ್ದೀರಿ. ಎಮ್ಮೆಗೆ ಹೆಸರಿರಲಿಲ್ಲ, ಬಿಡಿ," ಎಂದು ಒಳಗೆ ಹೋದ ಮೇಲೆ, ಮೊದಲ ಸಾಲಿನಿಂದ ಮತ್ತೆ ಓದಿ ನೋಡಿದೆ. ನನ್ನವಳು, ನಮ್ಮ ಮನೆಯವಳು, ಅವಳು. ಅಷ್ಟೇ ಇದೆ. ಸುಗುಣ, ಅವಳ ಹೆಸರು. ಸುಗುಣ.